ಕುಂಕುಮ ಹಚ್ಚಿದ ಬಿದಿರು

ಅಮೆರಿಕದ ಮಾರಿಸ್‌ವಿಲ್ಲಿನ ಕನ್ನಡಿಗರು ಜಲಜಾಕ್ಷಿಯನ್ನು ಸುಮಾರು ನಾಲ್ಕು ವರ್ಷ ಮೀನು ಹಿಡಿಯುವ ಹೆಂಗಸೆಂದೇ ನಂಬಿದ್ದರು. ನಂಬಲು ಕಾರಣಗಳಿದ್ದವು. ಮಂಗಳವಾರ ಮತ್ತು ಶನಿವಾರ ಆಕೆಯ ಹಳೆಯ ಕಾರಿನ ಹಿಂದಿನ ಸೀಟಿನಲ್ಲಿ ನಾಲ್ಕಡಿ ಉದ್ದದ ಬಟ್ಟೆಯ ಚೀಲವೊಂದು ಮಲಗಿರುತ್ತಿತ್ತು. ಆಕೆ ಮಲ್ಪೆಯ ಕಡೆಯವಳು. ಊರಿನ ಪಕ್ಕದಲ್ಲೇ ಕೆರೆಯಿತ್ತು. ಈ ಮೂರನ್ನೂ ಕೂಡಿಸಿ ಉತ್ತರ ತೆಗೆಯಲು ಅಷ್ಟೊಂದು ಜನ ಎಂಜಿನಿಯರುಗಳಿಗೆ ಎಷ್ಟು ಹೊತ್ತು ಬೇಕು? ಸಸ್ಯಾಹಾರಿಗಳು ಆಕೆಯ ಕಾರಿನ ಪಕ್ಕ ತಮ್ಮ ಕಾರು ನಿಲ್ಲಿಸುತ್ತಿರಲಿಲ್ಲ. ಉಳಿದವರು, ಮನೆಗೊಂದು ಅಡುಗೆ ತರುವ ಪಾಟ್‌ಲಕ್ಕಿನಲ್ಲಿ ಆಕೆ ತಂದ ಪಾತ್ರೆಯ ಮುಚ್ಚಳವನ್ನೇ ಮೊದಲು ತೆಗೆದು, ಒಳಗೆ ಹೆಸರುಬೇಳೆ ಪಾಯಸ ಕಂಡು ಪೆಚ್ಚಾಗುತ್ತಿದ್ದರು. ಇದನ್ನು ಬರೆಯುತ್ತಿರುವವನೂ ಒಂದು ಶನಿವಾರ ದೇವಸ್ಥಾನದ ಪಾರ್ಕಿಂಗಿನಲ್ಲಿ ಆಕೆಯನ್ನು ನಿಲ್ಲಿಸಿ, ಆಚೀಚೆ ನೋಡಿ, "ಇವತ್ತು ಏನು ಸಿಕ್ಕಿತು?" ಎಂದು ಕೇಳಿದ್ದುಂಟು.

"ಬೊಕ್ಕೆ ಸಿಕ್ಕಿತು," ಎಂದು ಜಲಜಾಕ್ಷಿ ಎರಡೂ ಅಂಗೈ ತೋರಿಸಿದಳು. ಎಡಗೈ ಕಿರುಬೆರಳಿನ ಬುಡದಲ್ಲಿ ಚರ್ಮ ಸುಲಿದು ಕೆಂಪಗಾಗಿತ್ತು.

ಚೀಲದಲ್ಲಿದ್ದದ್ದು ಶಿನಾಯ್. ನಾಲ್ಕು ಬಿದಿರಿನ ಪಟ್ಟಿಗಳನ್ನು ಚರ್ಮದಿಂದ, ದಾರದಿಂದ ಬಿಗಿದು ಮಾಡಿದ, ಜಪಾನಿನವರು ಕತ್ತಿವರಸೆ ಕಲಿಯಲು ಹಿಡಿಯುವ ಅಭ್ಯಾಸದ ಕತ್ತಿ. ಆಕೆ ಹೋಗುತ್ತಿದ್ದದ್ದು ಕೆರೆಗಲ್ಲ, ಸಮುದಾಯ ಭವನದ ಮರದ ನೆಲಕ್ಕೆ, ಕೆಂಡೊ ಕಲಿಯುವುದಕ್ಕೆ. ಎರಡು ಸಾವಿರದ ಎರಡನೆಯ ಇಸವಿಯಲ್ಲಿ ಆಕೆ ಅಲ್ಲಿಗೆ ಹೋದದ್ದು ಯೋಗದ ಕ್ಲಾಸಿಗೆ ಹೆಸರು ಬರೆಸಲು. ಯೋಗದ ಕ್ಲಾಸು ಅಮೆರಿಕನ್ನರಿಂದ ಭರ್ತಿಯಾಗಿತ್ತು. ಹಿಂದಿರುಗುವಾಗ ಪಕ್ಕದ ಬಾಗಿಲಿನಿಂದ ಇಣುಕಿದರೆ, ಹತ್ತು ಹನ್ನೆರಡು ಮಂದಿ ಮೊಣಕಾಲೂರಿ ಸಾಲಾಗಿ ಕೂತು, ಕಣ್ಣು ಮುಚ್ಚಿ, ಉಸಿರೂ ಕೇಳದಷ್ಟು ಸುಮ್ಮನಿದ್ದರು. ಆಮೇಲೆ ನೆಲಕ್ಕೆ ಹಣೆ ಮುಟ್ಟಿಸಿದರು. ಆಮೇಲೆ ಎದ್ದು, ಕೊಲೆಯಾಗುತ್ತಿರುವವರಂತೆ ಕಿರುಚಿ ಒಬ್ಬರ ತಲೆಗೊಬ್ಬರು ಬಡಿದರು. ಯೋಗದ ಅರ್ಜಿಯಲ್ಲಿ ಕ್ಲಾಸಿನ ಹೆಸರನ್ನು ಹೊಡೆದು ಹಾಕಿ ಇದನ್ನು ಬರೆದುಕೊಟ್ಟಳು. ಆಗ ಆಕೆಗೆ ನಲವತ್ತೇಳು ವರ್ಷ.

ಹೊಸಬರ ಪಾಡು ಅಲ್ಲಿ ಹೊಸ ಸೊಸೆಯ ಪಾಡು. ಒಳಗೆ ಬರುವಾಗ ಬಗ್ಗಬೇಕು, ಹೋಗುವಾಗ ಬಗ್ಗಬೇಕು. ಚಪ್ಪಲಿಯನ್ನು ಮೂತಿ ಹೊರಗೆ ಮಾಡಿ ಜೋಡಿಸಬೇಕು. ನೆಲವನ್ನು ಒದ್ದೆ ಬಟ್ಟೆಯಿಂದ ಬಗ್ಗಿ ಓಡುತ್ತ ಒರೆಸಬೇಕು. ಸಾಲಿನ ತುದಿಯಲ್ಲಿ, ಬಾಗಿಲ ಪಕ್ಕ, ಗಾಳಿ ಬಡಿಯುವಲ್ಲಿ ಕೂರಬೇಕು. ಮೊದಲ ಮೂರು ತಿಂಗಳು ಬರೀ ಪಾದ ಜಾರಿಸುವುದು. ತಲೆಗೆ ಕವಚ ಬರುವುದು ವರ್ಷವಾದ ಮೇಲೆ, ಅದೂ ಗುರುಗಳಿಗೆ ಮನಸ್ಸಾದರೆ. ಯಾರ ಶಿನಾಯನ್ನೂ ದಾಟಬಾರದು ಎನ್ನುವುದನ್ನು ಮಾತ್ರ ಜಲಜಾಕ್ಷಿಗೆ ಯಾರೂ ಹೇಳಿಕೊಡಬೇಕಾಗಲಿಲ್ಲ. ಒಮ್ಮೆ ಕಾಲು ತಾಗಿದಾಗ ಆಕೆ ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡದ್ದನ್ನು ಕಂಡು, ಎಲ್ಲರೂ ಸೆನ್ಸೆ ಎಂದು ಕರೆಯುವ ಗುರುಗಳು ಮೊದಲ ಬಾರಿಗೆ ಆಕೆಯ ಹೆಸರು ಕೇಳಿದರು.

ಹೆಸರು. ಮುಖ್ಯವಾದದ್ದು ಅದೇ. ಜಲಜಾಕ್ಷಿ ಡರ್ಹಮ್ಮಿನ ಒಂದು ಲ್ಯಾಬಿನಲ್ಲಿ ಹದಿನೇಳು ವರ್ಷದಿಂದ ಮೈಕ್ರೋಸ್ಕೋಪಿಗೆ ಕಣ್ಣಿಟ್ಟು ಕೂತವಳು. ಗಾಜಿನ ಪಟ್ಟಿಗಳ ಮೇಲೆ ಕ್ಯಾನ್ಸರಿನ ಕೋಶ ಹುಡುಕಿ, ಅದರ ಪಕ್ಕದಲ್ಲಿ ಶಾಯಿಯಿಂದ ಒಂದು ಚುಕ್ಕಿ ಇಡುವುದು ಕೆಲಸ. ಡಾಕ್ಟರು ಬಂದು ಆ ಚುಕ್ಕಿಯನ್ನಷ್ಟೇ ನೋಡಿ ಸಹಿ ಹಾಕುತ್ತಾರೆ. ಎಷ್ಟೋ ಹೆಂಗಸರು ಆ ಚುಕ್ಕಿಯಿಂದ ಬದುಕಿದ್ದಾರೆ. ಅವರೆಲ್ಲರ ಹೂಗುಚ್ಛ ಹೋದದ್ದು ಸಹಿಗೆ. ಕೆಂಡೊದಲ್ಲಿ ಕವಚ ಬಂದ ದಿನ ಸೊಂಟದ ಮುಂದೆ ಕಟ್ಟುವ ಬಟ್ಟೆಯ ಮೇಲೆ ಆಕೆಯ ಹೆಸರನ್ನು ದೊಡ್ಡ ಬಿಳಿ ಅಕ್ಷರಗಳಲ್ಲಿ ಹೊಲಿಸಿ ಕೊಟ್ಟರು.

ಗಂಡ ಜಯಕರ ಔಷಧಿ ಕಂಪನಿಯಲ್ಲಿ ಅಂಕಿಅಂಶ ನೋಡುವ ಸಮಾಧಾನದ ಮನುಷ್ಯ. ಅದನ್ನು ನೋಡಿ ನಕ್ಕ. "ಗೇಟಿಗೆ ಹಾಕುವ ಬೋರ್ಡಿನಷ್ಟು ಉಂಟಲ್ಲ ಮಾರಾಯ್ತಿ!"

"ಇರಲಿ. ಒಂದು ಕಡೆಯಾದ್ರೂ ಇರಲಿ."

ಇದಾದ ಮೇಲೆ ಆಕೆಗೆ ಒಂದೇ ಹಂಬಲ. ಮೊದಲ ದಾನ್. ಅಂದರೆ ಕೆಂಡೊದಲ್ಲಿ ಮೊದಲ ದರ್ಜೆ. ಅದು ಸಿಕ್ಕಿದರೆ ಜಪಾನಿನಿಂದ ದಪ್ಪ ಕಾಗದದ ಮೇಲೆ ಹೆಸರು ಬರೆದು ಬರುತ್ತದೆ. ಪರೀಕ್ಷೆ ವರ್ಷಕ್ಕೊಮ್ಮೆ, ನವೆಂಬರಿನಲ್ಲಿ, ಅಟ್ಲಾಂಟಾ ಹತ್ತಿರದ ಸುವಾನಿಯಲ್ಲಿ. ಎರಡು ಸಾವಿರದ ಐದರಲ್ಲಿ ಹೋಗಿ ಫೇಲಾಗಿ ಬಂದಳು. ಏಟಿನ ಜೊತೆ ಹೊರಡಬೇಕಾದ ಕೂಗು ಹೊರಡಲಿಲ್ಲ. ಹದಿನೇಳು ವರ್ಷ ಸದ್ದಿಲ್ಲದ ಲ್ಯಾಬಿನಲ್ಲಿ ಕೂತ ಗಂಟಲು. ಸೆನ್ಸೆ ಅವರು ಹೊಗೆಸೊಪ್ಪಿನ ಯಂತ್ರಗಳ ಕಂಪನಿಯಿಂದ ನಿವೃತ್ತರಾಗಿ ಇಲ್ಲೇ ಉಳಿದಿದ್ದ, ಎಪ್ಪತ್ತು ದಾಟಿದ ಜಪಾನೀ ಮುದುಕರು. ಒಂದು ವಾಕ್ಯಕ್ಕೆ ನಾಲ್ಕು ಶಬ್ದಕ್ಕಿಂತ ಹೆಚ್ಚು ಖರ್ಚು ಮಾಡುತ್ತಿರಲಿಲ್ಲ. "ಕತ್ತಿ ಬಂತು. ನೀನು ಬರಲಿಲ್ಲ," ಎಂದರು.

ಮುಂದಿನ ವರ್ಷದ ಅರ್ಜಿಗೆ ಅವರ ಸಹಿ ಬೇಕು. ಅದಕ್ಕೊಂದು ಷರತ್ತು ಹಾಕಿದರು: ಒಬ್ಬ ಹೊಸಬನನ್ನು ಮೊದಲ ದಿನದಿಂದ ಹಿಡಿದು ಮೊದಲ ಏಟಿನ ತನಕ ತರಬೇಕು. "ಹೊಸಬನನ್ನು ನೋಡಿಕೊಳ್ಳದವರಿಗೆ ದರ್ಜೆ ಯಾಕೆ?"

ಜಲಜಾಕ್ಷಿಗೆ ಈಗ ಒಬ್ಬ ಹೊಸಬ ಬೇಕಾಗಿದ್ದ. ಸಿಕ್ಕಿದ್ದು ಮುರಳೀಧರ.

ಮುರಳೀಧರ ಕನ್ನಡ ಸಂಘದ ಅಧ್ಯಕ್ಷ. ಬೆಂಗಳೂರಿನವನು, ಐವತ್ತರ ಹತ್ತಿರ, ಟೆಲಿಕಾಂ ಕಂಪನಿಯಲ್ಲಿ ಮ್ಯಾನೇಜರ್. ಸಂಘದಲ್ಲಿ ನೂರ ಮೂವತ್ತು ಕುಟುಂಬಗಳಿದ್ದವು, ಅದರಲ್ಲಿ ಎಂಬತ್ತು ಅವನನ್ನು ಕಂಡರೆ ಬೇರೆ ಕಡೆ ಕಾರು ತಿರುಗಿಸುತ್ತಿದ್ದವು. ಕೆಟ್ಟವನಲ್ಲ. ಯಾರಿಗೆ ಮಗು ಹುಟ್ಟಿದರೂ ಆಸ್ಪತ್ರೆಗೆ ಮೊದಲು ಓಡಿಹೋಗುವವನು ಅವನೇ. ಹೋಗಿ, ಮಗುವಿಗೆ ಸಂಘದ ಸದಸ್ಯತ್ವದ ಫಾರಂ ಕೊಡುತ್ತಿದ್ದ. ಚೀಲದಲ್ಲಿರುವುದು ಗಾಳವಲ್ಲ, ಕತ್ತಿ ಎಂದು ತಿಳಿದ ದಿನವೇ ಜಲಜಾಕ್ಷಿಯ ಮನೆಯ ಬೆಲ್ ಒತ್ತಿದ.

"ಮೇಡಂ, ಈ ಸಲ ರಾಜ್ಯೋತ್ಸವಕ್ಕೆ ಓಪನಿಂಗ್ ಹೇಗಿರತ್ತೆ ಗೊತ್ತಾ? ಲೈಟ್ಸ್ ಆಫ್. ಹೊಗೆ. ಡ್ರಮ್ಸ್. ಆಮೇಲೆ ನಾನು."

"ನೀವು ಎಂತಕ್ಕೆ?"

"ಪ್ರೆಸಿಡೆಂಟ್ ಅಲ್ವಾ! ಪೇಟ ಹಾಕ್ಕೊಂಡು, ಕತ್ತಿ ಹಿಡ್ಕೊಂಡು ಎಂಟ್ರಿ ಕೊಡ್ತೀನಿ. ಟೂ ತ್ರೀ ವೀಕ್ಸಲ್ಲಿ ಬೇಸಿಕ್ಸ್ ಪಿಕಪ್ ಮಾಡ್ಬಿಡ್ತೀನಿ ಬಿಡಿ."

"ಎರಡು ಮೂರು ವಾರದಲ್ಲಿ ನಿಮಗೆ ಕೂತ್ಕೊಳ್ಳಿಕ್ಕೆ ಬರ್ತದೆ," ಎಂದಳು ಜಲಜಾಕ್ಷಿ. ಆದರೆ ಮನಸ್ಸಿನಲ್ಲಿ ಜುಲೈನಿಂದ, ಅರ್ಜಿ ಕಳಿಸಬೇಕಾದ ಅಕ್ಟೋಬರಿನ ತನಕ ಬೆರಳು ಮಡಿಸಿ ಎಣಿಸಿದಳು. ಸರಿಯಾಗಿ ಮೂರು ತಿಂಗಳಿತ್ತು.

ಮೊದಲ ದಿನ ಮುರಳೀಧರ ಸೆನ್ಸೆಯ ಕೈ ಕುಲುಕಿ, ತನ್ನ ವಿಸಿಟಿಂಗ್ ಕಾರ್ಡ್ ಕೊಟ್ಟ. ಸೆನ್ಸೆ ಅದನ್ನು ಎರಡೂ ಕೈಗಳಿಂದ ತೆಗೆದುಕೊಂಡು, ಫೋನ್ ನಂಬರಿನ ತನಕ ಪೂರ್ತಿ ಓದಿ, ತಲೆಬಾಗಿಸಿದರು. ಆಮೇಲೆ ಅಷ್ಟೇ ಮರ್ಯಾದೆಯಿಂದ, ಎರಡೂ ಕೈಗಳಿಂದ, ಒಂದು ಒದ್ದೆ ಬಟ್ಟೆಯನ್ನು ಅವನ ಕೈಗಿಟ್ಟರು.

"ಮೇಡಂ, ಇಲ್ಲಿ ಕ್ಲೀನಿಂಗ್ ಸ್ಟಾಫ್ ಇಲ್ವಾ?"

"ಇದ್ದಾರೆ. ಇವತ್ತಿಂದ ನೀವು."

ಒರೆಸಿದ. ಆಮೇಲೆ ಹೋಗಿ ಗೋಡೆ ಗಡಿಯಾರದ ಕೆಳಗೆ, ಅಧ್ಯಕ್ಷರು ಕೂರಬೇಕಾದಂಥ ನಡುಮಧ್ಯದಲ್ಲಿ ಕೂತ. ಜಲಜಾಕ್ಷಿ ಎಬ್ಬಿಸಿ ಬಾಗಿಲ ಬಳಿಗೆ ಕರೆತಂದಳು. ಸಾಲಿನಲ್ಲಿ ಅವನಿಗಿಂತ ಒಂದು ಜಾಗ ಮೇಲೆ ಕೂತಿದ್ದವನು ಅವನ ಬೀದಿಗೇ ಟಪಾಲು ಹಾಕುವ ಪೋಸ್ಟ್‌ಮನ್. "ಇವನು ನಮ್ಮನೆಗೆ ಜಂಕ್ ಮೇಲ್ ಹಾಕೋನು ಮೇಡಂ," ಎಂದು ಪಿಸುಗುಟ್ಟಿದ. ಮೊಣಕಾಲ ಮೇಲೆ ಹತ್ತು ನಿಮಿಷ ಕೂತ ಬಳಿಕ ಏಳಲು ಹೋಗಿ ಗೋಣಿಚೀಲದಂತೆ ಪಕ್ಕಕ್ಕೆ ಉರುಳಿದ. ಪೋಸ್ಟ್‌ಮನ್ನೇ ಎತ್ತಿ ನಿಲ್ಲಿಸಿದ.

ಆದರೂ ಬಿಡಲಿಲ್ಲ. ಇದು ಜಲಜಾಕ್ಷಿಗೂ ಆಶ್ಚರ್ಯ. ವಾರಕ್ಕೆರಡು ದಿನ ಬಂದ, ಪಾದ ಜಾರಿಸಿದ, ಬೆವರಿದ. ಕೂಗು ಮಾತ್ರ ಮೊದಲ ದಿನದಿಂದಲೇ ಭರ್ಜರಿಯಾಗಿತ್ತು. ವರ್ಷಗಟ್ಟಲೆ ಮೈಕ್ ಕೆಟ್ಟ ಸಭೆಗಳಲ್ಲಿ ಪಳಗಿದ ಕಂಠ ಅದು. ಆ ಕಂಠವನ್ನು ಕೇಳಿ ಕೇಳಿ, ಹಟಕ್ಕೆ ಬಿದ್ದು, ಆಗಸ್ಟಿನ ಹೊತ್ತಿಗೆ ಜಲಜಾಕ್ಷಿಗೂ ಕೂಗು ಬಂತು. ಸೆನ್ಸೆ ತಲೆಯಾಡಿಸಿದರು. ಅದು ಆಕೆಗೆ ಸಿಕ್ಕಿದ ದೊಡ್ಡ ಹೊಗಳಿಕೆ.

ಹೊಸಬನಿಗೆ ಹೇಳಿಕೊಡಬೇಕಾದದ್ದರಲ್ಲಿ ಒಂದನ್ನು ಜಲಜಾಕ್ಷಿ ದಿನಾಲೂ ಹೇಳಿದಳು. ಅಭ್ಯಾಸಕ್ಕೆ ಮುಂಚೆ ಕೂತು, ಶಿನಾಯನ್ನು ತಿರುಗಿಸುತ್ತ, ನಾಲ್ಕೂ ಪಟ್ಟಿಗಳ ಮೇಲೆ ಹೆಬ್ಬೆರಳು ಓಡಿಸಿ ನೋಡಬೇಕು. ಸಿಬಿರು ಎದ್ದಿದೆಯೇ, ಬಿರುಕಿದೆಯೇ? ಸಂಶಯ ಬಂದರೆ ಬಿಚ್ಚಬೇಕು. ತಿಂಗಳಿಗೊಮ್ಮೆ ಎಣ್ಣೆ ಹಚ್ಚಬೇಕು. ಕಾರಿನಲ್ಲಿ ಬಿಡಬಾರದು, ಬಿದಿರು ಒಣಗಿ ಸೀಳುತ್ತದೆ. ಹೊಸಬನದ್ದನ್ನು ಅವನ ಹಿರಿಯರು ಇನ್ನೊಮ್ಮೆ ನೋಡಬೇಕು.

"ಇದು ನಿಮಗಾಗಿ ಅಲ್ಲ ಮುರಳೀಧರರೆ. ಎದುರು ನಿಂತವರಿಗಾಗಿ. ಮುಖಕ್ಕೆ ಹಾಕಿಕೊಳ್ಳುವುದು ಕಬ್ಬಿಣದ ಜಾಲರಿ. ಏಟು ತಡೀತದೆ, ಸಿಬಿರು ತಡೀಲಿಕ್ಕಿಲ್ಲ."

"ಖಂಡಿತ ಮೇಡಂ, ಖಂಡಿತ," ಎಂದು ಮುರಳೀಧರ ಶಿನಾಯನ್ನು ಡಿಕ್ಕಿಯಲ್ಲೇ ಇಟ್ಟುಕೊಂಡ. ದೇವಸ್ಥಾನದಲ್ಲಿ, ಅಂಗಡಿಯಲ್ಲಿ, ಕ್ರಿಕೆಟ್ ಮೈದಾನದಲ್ಲಿ ಯಾರಾದರೂ ಸಿಕ್ಕಿದರೆ ಡಿಕ್ಕಿ ತೆಗೆದು ತೋರಿಸಬೇಕಲ್ಲ. ಜುಲೈ, ಆಗಸ್ಟಿನ ಬಿಸಿಲಲ್ಲಿ ಕಾರಿನ ಸೀಟಿಗೆ ಕೈ ಇಡಲಾಗುತ್ತಿರಲಿಲ್ಲ. ಬಿದಿರು ಡಿಕ್ಕಿಯಲ್ಲಿ ಒಣಗುತ್ತಿತ್ತು.

ಆ ವರ್ಷ ಆಯುಧಪೂಜೆ ಅಕ್ಟೋಬರ್ ಒಂದನೇ ತಾರೀಕು, ಭಾನುವಾರ ಬಂತು. ದೇವಸ್ಥಾನದ ಪಾರ್ಕಿಂಗಿನಲ್ಲಿ ಕಾರುಗಳು ಸಾಲಾಗಿ ನಿಂತವು, ಒಂದೊಂದರ ಚಕ್ರದ ಕೆಳಗೂ ನಾಲ್ಕು ನಿಂಬೆಹಣ್ಣು. ಜಲಜಾಕ್ಷಿ, ಜಯಕರ ತಮ್ಮ ಕಾರು ತಂದಿದ್ದರು. ಎರಡು ಕಾರಿನಾಚೆ ಮುರಳೀಧರ ಬಾನೆಟ್ಟಿನ ಮೇಲೆ ರೇಷ್ಮೆ ಶಲ್ಯ ಹಾಸಿ ಶಿನಾಯನ್ನು ಮಲಗಿಸಿದ್ದ. ಅರಿಸಿನ ಬಳಿದಿದ್ದ. ಅದರ ಮೇಲೆ ಕುಂಕುಮವನ್ನು ನೀರಿನಲ್ಲಿ ಕಲಸಿ ಉದ್ದಕ್ಕೂ ಮೆತ್ತುತ್ತಿದ್ದ. ನಡುವಿನ ದಾರಕ್ಕೆ ಚೆಂಡುಹೂವಿನ ಸರ.

ಅವನ ಹೆಂಡತಿ ಕಾತ್ಯಾಯಿನಿ ಹೂವಿನ ತಟ್ಟೆ ಹಿಡಿದು ನಿಂತಿದ್ದಳು. "ರೀ, ಎಣ್ಣೆ ಹಚ್ಬೇಕು ಅಂತ ಜಲಜಾಕ್ಷಿಯವರು ಹೇಳಿದ್ದು. ಅರಿಸಿನ ಅಲ್ಲ."

"ಏಯ್, ಇದು ಆಯುಧ ಕಣೇ. ದೇವಸ್ಥಾನಕ್ಕೆ ಬಂದು ಎಣ್ಣೆ ಡಬ್ಬ ತೆಗೀತಾರಾ?"

"ಹೆಚ್ಚೋ ಕೊಚ್ಚೋ ಆಯುಧ ಎಲ್ಲಾ ಅಡುಗೆಮನೇಲಿದೆ. ಅದಕ್ಕೊಂದು ದಿನ ಕುಂಕುಮ ಇಟ್ಟಿದೀರಾ?"

ಜನ ನಕ್ಕರು. ಜಲಜಾಕ್ಷಿಯೂ ನಕ್ಕಳು. ಕುಂಕುಮ ಪಟ್ಟಿಗಳ ಸಂದಿಗೆ ಇಳಿಯುವುದನ್ನು ನೋಡಿದಳು, ಮಂಗಳವಾರ ಇದನ್ನೆಲ್ಲ ಬಿಚ್ಚಿ ತೊಳೆಯಬೇಕಲ್ಲ ಎಂದುಕೊಂಡಳು, ಪ್ರಸಾದ ತೆಗೆದುಕೊಂಡು ಮನೆಗೆ ಹೋದಳು.

ಮಂಗಳವಾರ ಸಂಜೆ ಸೆನ್ಸೆ ಆಕೆಯನ್ನು ಕರೆದು, ತಮ್ಮ ಚೀಲದಿಂದ ಅರ್ಜಿಯನ್ನು ತೆಗೆದು ತೋರಿಸಿದರು. ಹೆಸರು, ವಯಸ್ಸು, ಎಲ್ಲ ಅವರೇ ತುಂಬಿದ್ದರು. ಸಹಿಯ ಜಾಗ ಖಾಲಿಯಿತ್ತು. "ಇವತ್ತು ಅವನು ಹೊಡೆಯಲಿ. ಆಮೇಲೆ ಸಹಿ."

ಸಾಲಿನಲ್ಲಿ ಕೂತು ಜಲಜಾಕ್ಷಿ ತನ್ನ ಶಿನಾಯ್ ನೋಡಿಕೊಂಡಳು. ಮುರಳೀಧರನದ್ದನ್ನು ಕೈಗೆ ತೆಗೆದುಕೊಂಡಳು. ಒಣಗಿದ ಕುಂಕುಮ ಗಾರೆಯಂತೆ ಹತ್ತಿತ್ತು. ಬೆರಳಿಗೆ ಬಿದಿರೇ ಸಿಗಲಿಲ್ಲ.

"ಇದನ್ನು ಒರೆಸಿ ಬಿಚ್ಚಿ ನೋಡ್ಬೇಕು."

ಮುರಳೀಧರ ನಿಜವಾಗಿಯೂ ಗಾಬರಿಯಾದ. "ಅಯ್ಯೋ ಮೇಡಂ, ಪೂಜೆ ಮಾಡಿದ ಕುಂಕುಮ ಒರೆಸ್ತೀರಾ? ಅದೂ ಮುತ್ತೈದೆ ನೀವು! ಇವತ್ತೊಂದ್ ದಿನ ಬಿಡಿ. ಶನಿವಾರ ನಾನೇ ಕ್ಲೀನ್ ಮಾಡಿ ತರ್ತೀನಿ."

ಆಕೆ ದಿನಕ್ಕೆ ಎಂಬತ್ತು ಗಾಜಿನ ಪಟ್ಟಿ ನೋಡುವವಳು. ಒಂದು ಪಟ್ಟಿಯ ಮೇಲೆ ಶಾಯಿ ಚೆಲ್ಲಿದ್ದರೆ, ಒರೆಸಿ ನೋಡದೆ ಮುಂದಕ್ಕೆ ಕಳಿಸುತ್ತಿದ್ದಳೇ? ಕೈಯಲ್ಲಿ ಒದ್ದೆ ಬಟ್ಟೆಯೂ ಇತ್ತು. ಆದರೆ ಕೈ ಏಳಲಿಲ್ಲ. ಕುಂಕುಮಕ್ಕೆ ನೀರು ಹಾಕಿ ಒರೆಸುವುದೆಂದರೆ ಆಕೆಯ ಅಮ್ಮ ಒಂದೇ ಒಂದು ಸಲ, ಹತ್ತು ಜನ ಹಿಡಿದುಕೊಂಡಿರುವಾಗ ಮಾಡಿಸಿಕೊಂಡದ್ದು. ಜಲಜಾಕ್ಷಿಗಾಗ ಎಂಟು ವರ್ಷ. ಶಿನಾಯನ್ನು ಕಣ್ಣಿಗೊತ್ತಿಕೊಂಡು ಅವನಿಗೇ ಹಿಂದಕ್ಕೆ ಕೊಟ್ಟಳು.

ಹೊಸಬನ ಮೊದಲ ಏಟಿಗೆ ಹಿರಿಯರು ತಲೆ ಕೊಡಬೇಕು. ಅದು ಪದ್ಧತಿ. ಕವಚ ಹಾಕಿ ಎದುರು ನಿಂತು, ಒಳ್ಳೆಯ ಕ್ಷಣ ನೋಡಿ, ತನ್ನ ಕತ್ತಿಯ ತುದಿಯನ್ನು ಪಕ್ಕಕ್ಕೆ ಸರಿಸಬೇಕು. ಬಾ, ಹೊಡಿ ಎಂದಂತೆ. ತಪ್ಪಿಸಿಕೊಳ್ಳಬಾರದು, ಹಿಂದೆ ಸರಿಯಬಾರದು, ಕಣ್ಣು ಮುಚ್ಚಬಾರದು. ಜಲಜಾಕ್ಷಿ ತುದಿ ಸರಿಸಿದಳು. ಮುರಳೀಧರ ಕೂಗಿ, ಜಾರಿ ಬಂದು ಹೊಡೆದ. ಮೂರು ತಿಂಗಳಲ್ಲಿ ಅವನ ಪಾದ, ಕೈ, ಕಂಠ ಮೂರೂ ಒಟ್ಟಿಗೆ ಬಂದದ್ದು ಅದೇ ಮೊದಲು. ನಿಜಕ್ಕೂ ಒಳ್ಳೆಯ ಏಟು. ಒಣ ಕೊಂಬೆ ಮುರಿದಂತೆ ಸದ್ದಾಯಿತು.

ಮುಖದ ಜಾಲರಿಯ ಮೇಲೆ ಕೆಂಪು ಪುಡಿ ಉದುರಿತ್ತು. ಜಾಲರಿಯ ಕೆಳಗಿನಿಂದಲೂ ಕೆಂಪು ಇಳಿಯತೊಡಗಿತು. ಮುರಳೀಧರ ಅದನ್ನೂ ಕುಂಕುಮವೆಂದುಕೊಂಡ. "ಸಾರಿ ಮೇಡಂ, ಡ್ರೆಸ್ಸಿಗೆಲ್ಲ ಆಗೋಯ್ತು," ಎನ್ನುತ್ತಿದ್ದ. ಪೋಸ್ಟ್‌ಮನ್ ಓಡಿಬಂದು ಆಕೆಯನ್ನು ಹಿಡಿದುಕೊಂಡ. ಸೆನ್ಸೆ ಕವಚದ ದಾರವನ್ನು ಬಿಚ್ಚಲಿಲ್ಲ; ಕತ್ತರಿಯಿಂದ ಕತ್ತರಿಸಿದರು. ಜಾಲರಿಯೊಳಗೆ ನುಗ್ಗಿದ ಸಿಬಿರು ಕಣ್ಣಿಗೆ ಹೊಕ್ಕಿದೆಯೆಂದು ಆಗಲೇ ಎಲ್ಲರಿಗೂ ಗೊತ್ತಾದದ್ದು.

ಎರಡು ಆಪರೇಷನ್ ಆಯಿತು. ನಾಲ್ಕನೆಯ ದಿನ ಬೆಳಿಗ್ಗೆ ಡಾಕ್ಟರು ಬಲಗಣ್ಣಿನ ದೃಷ್ಟಿ ಬರುವುದಿಲ್ಲ ಎಂದು ಹೇಳಿಹೋದರು. ಜಯಕರ ಕಿಟಕಿಯ ಕಡೆ ತಿರುಗಿ ನಿಂತ. ಹೊರಗೆ ವಿಸಿಟರುಗಳ ಕೋಣೆಯಲ್ಲಿ ಮುರಳೀಧರ ದೊಡ್ಡದೊಂದು ಹಣ್ಣಿನ ಬುಟ್ಟಿ ಇಟ್ಟುಕೊಂಡು, ಬಂದವರಿಗೆಲ್ಲ ಜಲಜಾಕ್ಷಿಯ ನಕ್ಷತ್ರಕ್ಕೆ ಈಗ ಯಾವ ದಶೆ ನಡೆಯುತ್ತಿದೆಯೆಂದು ವಿವರಿಸುತ್ತಿದ್ದ. ಒಳಗೆ ಬಂದಾಗಲೂ ಅದನ್ನೇ ಹೇಳಿದ, ಬುಟ್ಟಿ ಇಟ್ಟ, ಹೋದ. ಕಾತ್ಯಾಯಿನಿ ಮಾತ್ರ ಹಾಸಿಗೆಯ ಪಕ್ಕ ಕೂತು, ಆಕೆಯ ಕೈ ಹಿಡಿದು, ಒಂದು ಗಂಟೆ ಮಾತಿಲ್ಲದೆ ಅತ್ತಳು.

ಅದೇ ಮಧ್ಯಾಹ್ನ ಸೆನ್ಸೆ ಬಂದರು. ಕೋಟು ಹಾಕಿದ್ದರು. ಹಾಸಿಗೆಯ ಎದುರು ಆಸ್ಪತ್ರೆಯ ನೆಲದ ಮೇಲೆ ಮೊಣಕಾಲೂರಿ ಹಣೆ ಮುಟ್ಟಿಸಿದರು. ಮುದುಕ ತಲೆ ತಿರುಗಿ ಬಿದ್ದನೆಂದು ನರ್ಸು ಗಾಲಿಕುರ್ಚಿ ತಂದಳು. ಆಕೆಯನ್ನು ಹೊರಗೆ ಕಳಿಸುವುದಕ್ಕೇ ಐದು ನಿಮಿಷ ಬೇಕಾಯಿತು.

ಸೆನ್ಸೆ ಕೇಳಿದರು: "ಅವನ ಶಿನಾಯ್ ನೋಡಿದ್ದೆಯಾ?"

ಸುಳ್ಳು ಹೇಳಬಹುದಿತ್ತು. "ಕೈಗೆ ತೆಗೆದುಕೊಂಡೆ. ಬಿಚ್ಚಲಿಲ್ಲ. ಕುಂಕುಮ ಒರೆಸಲಿಕ್ಕೆ ಮನಸ್ಸಾಗಲಿಲ್ಲ."

ಅವರು ಕೋಟಿನ ಗುಂಡಿ ಬಿಚ್ಚಿಕೊಂಡು ಕೂತರು. "ನಾನೂ ನೋಡಿದೆ, ಕೆಂಪು ಬಣ್ಣ. ನಿಮ್ಮ ದೇವರ ವಿಷಯ ಎಂದುಕೊಂಡೆ. ಕೇಳಲಿಲ್ಲ."

"ನನ್ನ ಅರ್ಜಿ?"

"ಹರಿದುಹಾಕಿದೆ."

"ಕಣ್ಣು ಹೋಯಿತೆಂದಾ?"

"ಅಲ್ಲ. ನಾಲ್ಕು ಪಟ್ಟಿ ನೋಡಲಿಲ್ಲ ಎಂದು." ಎದ್ದು ಕೋಟಿನ ಗುಂಡಿ ಹಾಕಿಕೊಂಡರು. "ಬರಬಹುದು. ಸಾಲಿನ ತುದಿಗೆ."

ಅವರು ಹೋದ ಮೇಲೆ ಜಯಕರನಿಗೆ ಎಂದೂ ಬಾರದ ಸಿಟ್ಟು ಬಂತು. "ಎಂತ ಮನುಷ್ಯ ಅದು? ಕಣ್ಣು ಕಳಕೊಂಡವಳ ಹತ್ರ ಹೇಳುವ ಮಾತಾ? ಇನ್ನು ಆ ಕಡೆ ತಲೆ ಹಾಕಿ ಮಲಗುದು ಬೇಡ."

"ಅವರು ಹೇಳಿದ್ದರಲ್ಲಿ ಸುಳ್ಳು ಎಂತ ಉಂಟು?"

ಜಯಕರ ಬುಟ್ಟಿಯಿಂದ ಒಂದು ಸೇಬು ತೆಗೆದ, ಹಾಗೇ ಇಟ್ಟ.

ಜನವರಿಯಲ್ಲಿ ಲ್ಯಾಬಿನವರು ಬಹಳ ಸೌಜನ್ಯದಿಂದ ಆಕೆಯನ್ನು ಮೈಕ್ರೋಸ್ಕೋಪಿನಿಂದ ಎಬ್ಬಿಸಿದರು. ಒಂದು ಕಣ್ಣಿನಲ್ಲೂ ನೋಡಬಹುದೆಂದು ಆಕೆ ವಾದಿಸಿದಳು. ದಿನಕ್ಕೆ ಎಂಬತ್ತು ಆಗುವುದಿಲ್ಲವೆಂದು ಅವರೂ, ಎರಡು ವಾರದಲ್ಲಿ ಆಕೆಯೂ ಕಂಡುಕೊಂಡರು. ಸ್ಯಾಂಪಲ್ಲುಗಳಿಗೆ ಚೀಟಿ ಅಂಟಿಸುವ ಕೌಂಟರಿಗೆ ಹಾಕಿದರು. ಅಲ್ಲಿ ಚುಕ್ಕಿಯೂ ಇರಲಿಲ್ಲ.

ಮಾರ್ಚಿನಲ್ಲಿ ಆಕೆ ಸಮುದಾಯ ಭವನಕ್ಕೆ ಹೋದಳು. ಬಾಗಿಲಲ್ಲಿ ಬಗ್ಗಿದಳು. ನೆಲ ಒರೆಸಿದಳು. ಬಾಗಿಲ ಪಕ್ಕ, ಸಾಲಿನ ತುದಿಯಲ್ಲಿ ಕೂತಳು. ಮುರಳೀಧರ ಆ ಮಂಗಳವಾರದ ನಂತರ ಬಂದಿರಲಿಲ್ಲ, ಇಲ್ಲದಿದ್ದರೆ ಅವನೂ ಆಕೆಗಿಂತ ಒಂದು ಜಾಗ ಮೇಲಿರುತ್ತಿದ್ದ. ಮತ್ತೆ ಪಾದ ಜಾರಿಸುವುದರಿಂದ ಶುರು. ಮೊದಲ ತಿಂಗಳು ಗೋಡೆಗೆ ಎರಡು ಬಾರಿ ಭುಜ ಹೊಡೆದುಕೊಂಡಳು. ಬಲಗಡೆ ಏನಿದೆಯೆಂದು ತಿಳಿಯುತ್ತಿರಲಿಲ್ಲ. ಯಾರೂ ಅಯ್ಯೋ ಎನ್ನಲಿಲ್ಲ. ಅದಕ್ಕೇ ಆಕೆಗೆ ಅಲ್ಲಿ ಕೂರಲು ಸಾಧ್ಯವಾದದ್ದು. ದೇವಸ್ಥಾನದಲ್ಲಾದರೆ ಪ್ರದಕ್ಷಿಣೆ ಮುಗಿಯುವುದರೊಳಗೆ ಹನ್ನೊಂದು ಅಯ್ಯೋ ಆಗುತ್ತಿತ್ತು.

ಅಕ್ಟೋಬರಿನಲ್ಲಿ ಸೆನ್ಸೆ ಹೊಸ ಅರ್ಜಿ ತುಂಬಿ, ಈ ಬಾರಿ ಷರತ್ತಿಲ್ಲದೆ ಸಹಿ ಹಾಕಿ ಕೊಟ್ಟರು.

ಸುವಾನಿಗೆ ಆರು ಗಂಟೆಯ ದಾರಿ. ಜಯಕರ ಡ್ರೈವ್ ಮಾಡಿದ. ಶಾಲೆಯೊಂದರ ಜಿಮ್ಮಿನಲ್ಲಿ ಐವರು ಪರೀಕ್ಷಕರು ಮೇಜಿನ ಹಿಂದೆ ಕೂತಿದ್ದರು. ಜಲಜಾಕ್ಷಿಯ ಬೆನ್ನಿಗೆ ನೂರ ಹದಿನೈದನೆಯ ನಂಬರು. ಎದುರು ಬಂದವನು ಇಪ್ಪತ್ತರ ಹುಡುಗ. ಆಕೆ ಕೂಗಿದ ಕೂಗಿಗೆ ಜಿಮ್ಮಿನ ಆ ತುದಿಯಲ್ಲಿ ಕವಚ ಕಟ್ಟಿಕೊಳ್ಳುತ್ತಿದ್ದವರು ತಿರುಗಿ ನೋಡಿದರು. ಹಿಂದೆ ಬಾರದೆ ಉಳಿದದ್ದು ಈಗ ಪೂರ್ತಿ ಬಂದಿತ್ತು. ಆದರೆ ಏಟು ಬೀಳಬೇಕಾದಲ್ಲಿ ಬೀಳಲಿಲ್ಲ. ಮೊದಲನೆಯದು ಹುಡುಗನ ಜಾಲರಿಯ ಮುಂದೆ ನಾಲ್ಕು ಬೆರಳಿನಷ್ಟು ಗಾಳಿಯನ್ನು ಕಡಿಯಿತು. ಎರಡನೆಯದಕ್ಕೆ ಹೆಚ್ಚು ಮುಂದೆ ಹೋಗಿ, ಹಿಡಿಯೇ ಅವನ ಎದೆಗೆ ಬಡಿಯಿತು. ಮೂರನೆಯದಕ್ಕೆ ಮತ್ತೆ ನಾಲ್ಕು ಬೆರಳು ಕಡಿಮೆ. ದೂರವನ್ನು ಅಳೆಯುವುದು ಎರಡು ಕಣ್ಣುಗಳ ಕೆಲಸ. ಒಂದೇ ಕಣ್ಣಿಗೆ ಎದುರಾಳಿ ಗೋಡೆಗೆ ಅಂಟಿಸಿದ ಚಿತ್ರದಂತೆ ಕಾಣುತ್ತಾನೆ.

ಗೋಡೆಗೆ ಫಲಿತಾಂಶದ ಹಾಳೆ ಅಂಟಿಸಿದರು. ನೂರ ಹದಿನಾಲ್ಕಿತ್ತು. ನೂರ ಹದಿನಾರಿತ್ತು.

ಹಿಂದಿರುಗುವಾಗ ಜಯಕರ ಸೌತ್ ಕ್ಯಾರೊಲೈನಾ ದಾಟಿದ ಮೇಲೆ, "ಬರುವ ವರ್ಷ ಇನ್ನೊಂದ್ಸಲ ನೋಡುವನಾ?" ಎಂದ.

"ಬರುವ ವರ್ಷಕ್ಕೆ ಕಣ್ಣು ಹುಟ್ತದಾ?"

ಪೆಟ್ರೋಲಿಗೆ ನಿಲ್ಲಿಸಿದಾಗ ಆಕೆ ಕಾರಿನಿಂದ ಇಳಿಯಲಿಲ್ಲ. ಸೊಂಟದ ಹೆಸರಿನ ಬಟ್ಟೆಯನ್ನು ಮಡಿಸಿ ಚೀಲದ ಅಡಿಗೆ ಹಾಕಿದಳು. ಮಂಗಳವಾರ ಮತ್ತೆ ಸಮುದಾಯ ಭವನಕ್ಕೆ ಹೋದಳು, ಏಕೆಂದರೆ ಆವತ್ತು ಇಬ್ಬರು ಹೊಸಬರು ಬರುವವರಿದ್ದರು. ಅವರ ಶಿನಾಯ್ ಯಾರಾದರೂ ನೋಡಬೇಕಲ್ಲ. ಹೆಸರಿನ ಬಟ್ಟೆ ಕಟ್ಟಿಕೊಳ್ಳಲಿಲ್ಲ. ಸೆನ್ಸೆ ಕಂಡರು, ಕೇಳಲಿಲ್ಲ.

ಎರಡು ಸಾವಿರದ ಎಂಟರ ಯುಗಾದಿಗೆ ಸಂಘದವರು 'ಧೀರ ವನಿತೆ' ಎಂಬ ಸನ್ಮಾನವನ್ನು ಹುಟ್ಟುಹಾಕಿದರು. ಯೋಚನೆ ಮುರಳೀಧರನದ್ದು. ಒಂದೂವರೆ ವರ್ಷದಿಂದ ಅವನಿಗೆ ನಿದ್ದೆ ಸರಿಯಿರಲಿಲ್ಲ, ಇದನ್ನು ಕಾತ್ಯಾಯಿನಿಯೇ ಹೇಳಿದ್ದಳು. ತಪ್ಪಾಯಿತು ಎಂಬ ಒಂದು ಮಾತು ಹೇಳಿಬಿಟ್ಟಿದ್ದರೆ ನಿದ್ದೆ ಬರುತ್ತಿತ್ತೇನೋ. ಆದರೆ ಅದನ್ನು ಹೇಳಲು ವೇದಿಕೆ ಬೇಡ, ಹಾಗಾಗಿ ಅವನಿಗೆ ಅಭ್ಯಾಸವಿರಲಿಲ್ಲ. ಕರೆಯಲು ಬಂದ ಕಾತ್ಯಾಯಿನಿಗೆ ಜಲಜಾಕ್ಷಿ ಮೊದಲು ಬೇಡವೆಂದಳು.

"ಬನ್ನಿ ಜಲಜಾಕ್ಷಿ, ದಮ್ಮಯ್ಯ. ಅಷ್ಟು ಜನರ ಮುಂದೆಯಾದ್ರೂ ಅವರ ಬಾಯಿಂದ ಅದು ಬರತ್ತೇನೋ ನೋಡೋಣ."

ದೇವಸ್ಥಾನದ ಹಾಲಿನಲ್ಲಿ ಮುನ್ನೂರು ಜನ. ಜಲಜಾಕ್ಷಿಯನ್ನು ಎತ್ತರದ ಕುರ್ಚಿಯಲ್ಲಿ ಕೂರಿಸಿ ಶಾಲು ಹೊದಿಸಿದರು, ಗಂಧದ ಹಾರ ಹಾಕಿದರು, ಮಡಿಲಲ್ಲಿ ಹಣ್ಣಿನ ಬುಟ್ಟಿ ಇಟ್ಟರು. ಮುರಳೀಧರ ಮೈಕ್ ಹಿಡಿದು ಇಪ್ಪತ್ತು ನಿಮಿಷ ಮಾತಾಡಿದ. ಶೌರ್ಯ ಬಂತು, ನಾಡು ಬಂತು, ವೀರವನಿತೆಯರೆಲ್ಲ ಬಂದುಹೋದರು. ಆ ಸಂಜೆ ಅವನೂ ಅಲ್ಲಿದ್ದನೆಂಬುದು ಮಾತ್ರ ಬರಲಿಲ್ಲ. 'ಆಕಸ್ಮಿಕ' ಎಂದು ಒಂದೇ ಶಬ್ದದಲ್ಲಿ ಅದನ್ನು ದಾಟಿದ. ಮೊದಲ ಸಾಲಿನಲ್ಲಿ ಕಾತ್ಯಾಯಿನಿ ಅವನನ್ನೇ ದಿಟ್ಟಿಸುತ್ತಿದ್ದಳು. ಆ ನೋಟ ತಾಗಿರಬೇಕು. ಮಾತು ನಿಲ್ಲಿಸಿದ, ಹಣೆ ಒರೆಸಿಕೊಂಡ, ಕುರ್ಚಿಯ ಹತ್ತಿರ ಬಂದು ಬಗ್ಗಿದ. ಈಗ ಬರುತ್ತದೆ ಎಂದು ಜಲಜಾಕ್ಷಿ ಇರುವ ಒಂದು ಕಣ್ಣನ್ನು ಅವನ ಮುಖದ ಮೇಲೆ ನೆಟ್ಟು ಕಾದಳು.

"ಜಲಜಾಕ್ಷಿ ಅವರೇ, ನನ್ನ ಮನಸ್ಸಲ್ಲಿ ಒಂದು ಪ್ರಶ್ನೆ ಕೊರೀತಾನೇ ಇದೆ. ನೀವೇ ಹೇಳ್ಬೇಕು. ಆವತ್ತು ನಾನು ಅಷ್ಟು ಶ್ರದ್ಧೆಯಿಂದ ಪೂಜೆ ಮಾಡಿದ್ದಕ್ಕೇ ಅಲ್ವಾ, ಎರಡೂ ಕಣ್ಣು ಹೋಗ್ದೇ ಒಂದಾದ್ರೂ ಉಳಿದಿದ್ದು?"

ಮೈಕನ್ನು ಆಕೆಯ ಬಾಯಿಯ ಹತ್ತಿರ ಹಿಡಿದ.

"ಅಲ್ಲ," ಎಂದಳು ಜಲಜಾಕ್ಷಿ. "ನೀವು ಹೊಡೆದದ್ದು ಒಂದೇ ಏಟು. ಅದಕ್ಕೆ."